ಥೆಲ್ಮಾ ಮುದುಕಿಯನ್ನು ಕೆಲಸದಿಂದ ತೆಗೆದದ್ದು

ಥೆಲ್ಮಾ ರಿಮ್ಮರ್ ಸುಳ್ಳು ಹೇಳಿದ್ದಾಳೆ ಎಂದು ಸಾಲದ ಕಂಪನಿಯವರು ಬರೆದರು. ಹಾಗೆ ನೇರವಾಗಿ ಬರೆಯಲಿಲ್ಲ. ಅಷ್ಟು ಧೈರ್ಯ ಅವರಿಗೆಲ್ಲಿಂದ ಬರಬೇಕು? 'ಸಾಲ ಪಡೆಯುವಾಗ ತಾವು ಪೂರ್ಣಾವಧಿಯ ಉದ್ಯೋಗದಲ್ಲಿರುವುದಾಗಿ ನಮ್ಮ ಸಿಬ್ಬಂದಿಗೆ ತಿಳಿಸಿದ್ದಿರಿ. ಕಂತಿನ ವಿಮೆಯನ್ನು ಸ್ವಇಚ್ಛೆಯಿಂದ ಆರಿಸಿಕೊಂಡಿದ್ದಿರಿ. ಆದ್ದರಿಂದ ಹಣ ಹಿಂದಿರುಗಿಸಲು ಬರುವುದಿಲ್ಲ' ಎಂದು ಬರೆದಿದ್ದರು.

ಅದನ್ನು ಓದಿ ಹೇಳಿದವಳು ಪಕ್ಕದ ಮನೆಯ ಮೋನಾ ಲೆದರ್‌ಬ್ಯಾರೋ. ಅವಳೂ ಥೆಲ್ಮಾಳ ಹಾಗೆ ಫ್ಲೀಟ್‌ವುಡ್ ಬಂದರಿನಲ್ಲಿ ಮೀನು ಸೀಳಿ ಮುದುಕಿಯಾದವಳು.

"ನೀನು ಕೆಲಸಕ್ಕೆ ಹೋಗ್ತಿದ್ಯಂತೆ ಕಣೇ," ಎಂದಳು ಮೋನಾ. "ಎಪ್ಪತ್ತನೇ ವಯಸ್ಸಲ್ಲಿ. ನಂಗೊಂದು ಮಾತು ಹೇಳ್ಲಿಲ್ಲ ನೋಡು."

"ಏನ್ ಕೆಲಸ ಅಂತ ಬರ್ದಿದಾರೆ?"

"ಅದಿಲ್ಲ. ಪೂರ್ಣಾವಧಿ ಅಂತ ಅಷ್ಟೇ."

"ಸಂಬಳ?"

"ಅದೂ ಇಲ್ಲ."

"ಹಾಗಾದ್ರೆ ಕೆಲಸ ಕೊಟ್ಟೋನು ಕಳ್ಳನೇ ಸೈ," ಎಂದಳು ಥೆಲ್ಮಾ.

ಇಬ್ಬರೂ ಚಹಾದ ಲೋಟ ಅಲುಗಾಡುವಂತೆ ನಕ್ಕರು. ನಗು ನಿಂತ ಮೇಲೆ ಮೋನಾ ನೋಡಿದಳು. ಥೆಲ್ಮಾ ಬೆರಳು ಮಡಚದ ಕೈಗಳಿಂದ ಪತ್ರವನ್ನು ಲಕೋಟೆಗೆ ತುರುಕಲು ಹೆಣಗುತ್ತಿದ್ದಳು.

ಆ ಕೈಗಳ ಕಥೆ ಹೇಳಬೇಕು. ಹದಿನೈದಕ್ಕೆ ಬಂದರಿನ ಶೆಡ್ಡು ಸೇರಿದ ಕೈಗಳು ಅವು. ಬೆಳಗಿನ ಜಾವ ಮಂಜುಗಡ್ಡೆ ತುಂಬಿದ ತೊಟ್ಟಿಯೊಳಗೆ ಇಳಿಯಬೇಕು, ಕಾಡ್ ಮೀನನ್ನೋ ಹ್ಯಾಡಕ್ ಮೀನನ್ನೋ ಎಳೆಯಬೇಕು, ಒಂದೇ ಗೀರಿಗೆ ಮುಳ್ಳು ಬೇರೆ ಮಾಂಸ ಬೇರೆ ಮಾಡಬೇಕು. ಕೆಳಗೆ ಒದ್ದೆ ಕಲ್ಲು ನೆಲ, ಕಾಲಿಗೆ ಮರದ ಮೆಟ್ಟು. ಬೆರಳು ಕೊಯ್ದರೆ ಉಪ್ಪುನೀರಿಗೆ ಅದ್ದಿ ಬಟ್ಟೆ ಸುತ್ತಿ ಮತ್ತೆ ಚಾಕು ಹಿಡಿಯಬೇಕು. ಸಂಜೆ ಟ್ರಾಮ್ ಹತ್ತಿದರೆ ಪಕ್ಕದಲ್ಲಿ ಕೂತವರು ಎದ್ದು ಹೋಗುತ್ತಿದ್ದರು. ಹುಡುಗಿಯರು ಅದನ್ನೂ ಲಾಭ ಮಾಡಿಕೊಂಡಿದ್ದರು. "ಸೀಟು ಬೇಕಾ? ಹತ್ರ ಹೋಗಿ ನಿಂತ್ಕೊ ಸಾಕು" ಎಂದು ನಗುತ್ತಿದ್ದರು. ನಗುತ್ತಿದ್ದರು ನಿಜ. ಮನೆಗೆ ಹೋಗಿ ನಿಂಬೆಹಣ್ಣು ತಿಕ್ಕಿ ತಿಕ್ಕಿ ಚರ್ಮ ಕಿತ್ತುಕೊಳ್ಳುತ್ತಿದ್ದರು. ಅದೂ ನಿಜ.

ಎಪ್ಪತ್ತರ ಹೊತ್ತಿಗೆ ಥೆಲ್ಮಾಳ ಮೊಣಕಾಲು ಎರಡೂ ಹೋದವು. ಕೂತುಕೊಂಡು ಓಡಿಸುವ ಬ್ಯಾಟರಿ ಗಾಡಿಯೊಂದು ಅಗ್ಗಕ್ಕೆ ಸಿಗುತ್ತಿತ್ತು. ಅಗ್ಗ ಎಂದರೂ ಪಿಂಚಣಿಗೆ ನಿಲುಕದ್ದು. ಅವಳು ಪೇಟೆಬೀದಿಯ ಸಾಲದಂಗಡಿಗೆ ಹೋದಳು. ತಲೆಗೂದಲಿಗೆ ಜೆಲ್ ಮೆತ್ತಿಕೊಂಡಿದ್ದ ಹುಡುಗನೊಬ್ಬ ಕಿಟಕಿ ತೆರೆದಿಟ್ಟು ಕೂತು ತಾನೇ ಫಾರಂ ತುಂಬಿದ.

"ಕಂತಿನ ವಿಮೆ ಸೇರಿಸಿದೀನಿ ಅಜ್ಜಿ. ಅದಿಲ್ದೆ ಸಾಲ ಪಾಸಾಗಲ್ಲ."

"ಅದೇನಪ್ಪ ಅದು?"

"ಕೆಲಸ ಹೋದ್ರೆ, ಕಾಯಿಲೆ ಬಿದ್ರೆ, ನಿಮ್ಮ ಕಂತು ವಿಮೆಯವ್ರು ಕಟ್ತಾರೆ."

"ನಂಗೆ ಕೆಲಸಾನೇ ಇಲ್ವಲ್ಲಪ್ಪ."

"ಕಾಯಿಲೆ ಇದೆಯಲ್ಲ!" ಎಂದು ಅವನು ನಕ್ಕ. ಅವಳೂ ನಕ್ಕಳು. ಸಹಿ ಹಾಕಿದಳು. ಅವಳು ಹಿಂದಕ್ಕೆ ಕೊಟ್ಟ ಪೆನ್ನನ್ನು ಅವನು ಟಿಶ್ಯೂ ಕಾಗದದಲ್ಲಿ ಒರೆಸಿಟ್ಟ. ಅವಳ ಕಣ್ಣೆದುರಿಗೇ.

ಮರುವರ್ಷ ಚಳಿಗಾಲದಲ್ಲಿ ಮೀನು-ಚಿಪ್ಸ್ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯ ಮಂಚದಿಂದಲೇ ವಿಮೆಯವರಿಗೆ ಫೋನು ಮಾಡಿದಳು. ಅರವತ್ತೈದು ದಾಟಿದವರಿಗೆ ಏನೂ ಬರುವುದಿಲ್ಲ ಎಂದು ಅತ್ತಲಿಂದ ಉತ್ತರ. ಫೋನು ಇಟ್ಟರು.

ಕಂತು ಮಾತ್ರ ನಿಲ್ಲಲಿಲ್ಲ. ಅದರೊಳಗೆ ವಿಮೆಯ ಹಣವೂ ಸೇರಿತ್ತು. ಸೊಂಟದೊಳಗೆ ಕಬ್ಬಿಣದ ಮೊಳೆ ಇಟ್ಟುಕೊಂಡು ಥೆಲ್ಮಾ ಮತ್ತೆ ಕೆಲಸ ಹುಡುಕಿದಳು. ಬಂದರಿನ ಹಿಂದಿನ ಓಣಿಯಲ್ಲಿ ತಗಡಿನ ಶೆಡ್ಡೊಂದಿತ್ತು. ಲೆಕ್ಕಪತ್ರವಿಲ್ಲ, ಕೈಗೆ ಕಾಸು. ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ, ಹೊಟ್ಟೆಯನ್ನು ಮೇಜಿಗೆ ಆನಿಸಿ, ಅವಳು ಎರಡು ಚಳಿಗಾಲ ಹೆರಿಂಗ್ ಮೀನು ಸೀಳಿದಳು. ಬಿಡುವಿನ ಹೊತ್ತಿನಲ್ಲಿ ಕೂರುವ ಹಾಗಿಲ್ಲ. ಕೂತರೆ ಏಳಿಸಲು ಇಬ್ಬರು ಬೇಕಿತ್ತು. ಕೆಲಸ ಹೋದರೆ ಕಾಪಾಡಬೇಕಾದ ವಿಮೆ ಕೆಲಸವಿಲ್ಲದ ಮುದುಕಿಗೆ ಕೆಲಸ ಹಚ್ಚಿತು. ಬೆರಳುಗಳು ಮಡಚಲಾರದೆ ನಿಂತಾಗ ಶೆಡ್ಡಿನವನು ನಾಳೆಯಿಂದ ಬರಬೇಡ ಎಂದ.

ಆಮೇಲೆ ಟಿವಿಯಲ್ಲಿ ಜಾಹೀರಾತುಗಳು ಶುರುವಾದವು. ಸುಳ್ಳು ಹೇಳಿ ವಿಮೆ ಮಾರಿದ್ದಾರೆ, ಹಣ ವಾಪಸ್ ಕೇಳಿ ಎಂದು ದಿನವಿಡೀ ಅದೇ ಗದ್ದಲ. ಮೋನಾ ಬಲವಂತ ಮಾಡಿ ದೂರು ಬರೆಸಿದಳು. ಅದಕ್ಕೆ ಬಂದ ಉತ್ತರವೇ ಈ ಪತ್ರ.

"ಹರಿದ್ಹಾಕು," ಎಂದಳು ಮೋನಾ. "ದೊಡ್ಡೋರ ಜೊತೆ ಯಾರು ಗುದ್ದಾಡ್ತಾರೆ?"

ಥೆಲ್ಮಾ ಕಿಟಕಿಯಾಚೆ ನೋಡಿದಳು. ಕಡಲಹಕ್ಕಿಯೊಂದು ಯಾರದೋ ಚಿಪ್ಸ್ ಪೊಟ್ಟಣ ಕಸಿದುಕೊಂಡು ಹಾರಿತು.

"ನಾಳೆ ಬೆಳಿಗ್ಗೆ ಬೇಗ ಬಾಗಿಲು ತಟ್ಟೇ."

"ಯಾಕೆ?"

"ಕೆಲಸಕ್ಕೆ ಹೋಗ್ಬೇಕು. ನಾಲ್ಕು ವರ್ಷದಿಂದ ಹೋಗಿಲ್ಲ. ಬೈತಾರೆ."

ಮರುದಿನ ಸಾಲದಂಗಡಿಯ ಷಟರ್ ಏಳುವ ಹೊತ್ತಿಗೆ ಥೆಲ್ಮಾ ಬಾಗಿಲಲ್ಲಿದ್ದಳು. ಮೈಮೇಲೆ ಮೀನಿನ ಶೆಡ್ಡಿನ ಹಳೆಯ ರಬ್ಬರ್ ಏಪ್ರನ್ನು, ಗಾಡಿಯ ಬುಟ್ಟಿಯಲ್ಲಿ ಬಕೆಟ್ಟು, ಹಿಂದಕ್ಕೆ ಬಾವುಟದಂತೆ ಕಟ್ಟಿದ ನೆಲ ಒರೆಸುವ ಕೋಲು. ಜೆಲ್ ಹುಡುಗ ಎಂದೋ ಬಡ್ತಿ ಪಡೆದು ಮ್ಯಾಂಚೆಸ್ಟರಿಗೆ ಹೋಗಿದ್ದ. ಈಗ ಇದ್ದ ಮ್ಯಾನೇಜರು ಗ್ಯಾವಿನ್. ಕುತ್ತಿಗೆಗಿಂತ ದೊಡ್ಡ ಕಾಲರಿನ ಸಣಕಲು ಹುಡುಗ.

"ಏನ್ ಬೇಕಾಗಿತ್ತು ಮೇಡಂ?"

"ಕೆಲಸಕ್ಕೆ ಬಂದಿದೀನಿ ಮಗಾ."

"ಇಲ್ಲಿ ಯಾವ ಕೆಲಸಾನೂ ಖಾಲಿ ಇಲ್ಲ."

"ಖಾಲಿ ಯಾಕಿರುತ್ತೆ? ನಾನಿದೀನಲ್ಲ. ಪೂರ್ಣಾವಧಿ." ಥೆಲ್ಮಾ ಪತ್ರವನ್ನು ಅವನ ಕೈಗಿಟ್ಟಳು. "ನಂಗೆ ಕೆಲಸ ಇದೆ ಅಂತ ನಿಮ್ಮ ಕಂಪನಿ ಬರ್ದಿದೆ. ಸಾಲ ತಗೊಂಡಾಗ ಊರಲ್ಲಿ ಬೇರೆ ಯಾರೂ ನಂಗೆ ಕೆಲಸ ಕೊಟ್ಟಿರ್ಲಿಲ್ಲ. ಎಲ್ಲಾ ಕಡೆ ಕೇಳ್ದೆ. ಅಂದ್ಮೇಲೆ ನಿಮ್ಮಲ್ಲೇ ಇರ್ಬೇಕು ತಾನೇ?"

ಗ್ಯಾವಿನ್ ಪತ್ರ ಓದಿದ. ಮಗುಚಿ ಹಿಂಬದಿಯನ್ನೂ ನೋಡಿದ. ಅಷ್ಟರಲ್ಲಿ ಥೆಲ್ಮಾ ಒಳಗೆ ನುಗ್ಗಿ ನೆಲಕ್ಕೆ ನೀರು ಸುರಿದಾಗಿತ್ತು.

ಮರುದಿನವೂ ಬಂದಳು. ಅದರ ಮರುದಿನವೂ. ಗಾಡಿಯ ಮೇಲೆ ಕೂತೇ ನೆಲ ಒರೆಸುತ್ತಿದ್ದಳು. ಮೋನಾ ಫ್ಲಾಸ್ಕಿನಲ್ಲಿ ಚಹಾ ತಂದು ಬೆಂಚಿನಲ್ಲಿ ಕೂರುತ್ತಿದ್ದಳು. ಸಾಲಕ್ಕೆ ಬಂದವರಿಗೆಲ್ಲ ಒಂದೊಂದು ಲೋಟ.

"ವಿಮೆ ಹಾಕ್ತಾರೆ, ನೋಡ್ಕೊಂಡು ಸಹಿ ಮಾಡಿ," ಎಂದು ಥೆಲ್ಮಾ ಒರೆಸುತ್ತಲೇ ಹೇಳುವಳು. "ಎಷ್ಟು ವಯಸ್ಸಣ್ಣ ನಿಂಗೆ? ಎಪ್ಪತ್ತೆರಡಾ? ಹಾಗಾದ್ರೆ ನಿನ್ ನಾಯಿಗೂ ಒಂದು ವಿಮೆ ಮಾಡ್ಸು. ಅದಕ್ಕೂ ಕೆಲಸ ಇಲ್ಲ."

ನಾಯಿಯ ಯಜಮಾನ ಎದ್ದು ಹೋದ. ಅವನ ಹಿಂದೆ ಇನ್ನಿಬ್ಬರು ಹೋದರು.

ಗ್ಯಾವಿನ್ ಪೊಲೀಸರನ್ನು ಕರೆದ. ಬಂದ ಪೇದೆ ಥೆಲ್ಮಾಳ ಜೊತೆ ಮೀನು ಸೀಳುತ್ತಿದ್ದವಳ ಮಗ. "ಏನ್ ಅತ್ತೆ, ಏನ್ ಗಲಾಟೆ?" ಎಂದ. ನೆಲ ನೋಡಿದ. "ಸ್ವಚ್ಛವಾಗೇ ಇದೆಯಲ್ಲ. ಇದರಲ್ಲಿ ಯಾವ ಕೇಸ್ ಹಾಕ್ಲಿ ಸಾರ್?" ಎಂದು ಗ್ಯಾವಿನ್‌ನನ್ನೇ ಕೇಳಿದ. ಮೋನಾ ಕೊಟ್ಟ ಚಹಾ ಕುಡಿದು ಹೋದ.

ಆ ವಾರ ಅಂಗಡಿಯಲ್ಲಿ ಒಂದೇ ಒಂದು ವಿಮೆಯೂ ಮಾರಾಟವಾಗಲಿಲ್ಲ. ಮೇಲಿನವರು ಗಂಟೆಗೊಮ್ಮೆ ಫೋನಿನಲ್ಲಿ ಗ್ಯಾವಿನ್‌ನನ್ನು ಉಗಿಯುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಅವನು ಒದ್ದೆ ನೆಲದ ಮೇಲೆ ಜಾರಿ, ಮೇಜು ಹಿಡಿದು, ಕೈಲಿದ್ದ ಕಡತವನ್ನೆಲ್ಲ ಚೆಲ್ಲಿ, ಕಿರುಚಿದ.

"ಹೋಗಿ! ಆಚೆ ಹೋಗಿ! ನಿಮ್ಮನ್ನ ಕೆಲಸದಿಂದ ತೆಗೆದಿದೀನಿ!"

ಸಾಲಕ್ಕೆ ಕಾದಿದ್ದವರೆಲ್ಲ ತಿರುಗಿ ನೋಡಿದರು.

"ಕೇಳಿಸ್ಕೊಂಡ್ರಾ ಎಲ್ರೂ?" ಎಂದು ಮೋನಾ ಬೆಂಚಿನಿಂದ ಎದ್ದಳು. "ನೀವೆಲ್ಲ ಸಾಕ್ಷಿ."

ಥೆಲ್ಮಾ ಕೋಲನ್ನು ಗೋಡೆಗೆ ಒರಗಿಸಿದಳು. ಏಪ್ರನ್ನು ಬಿಚ್ಚಿ ಮಡಚಿದಳು. ಮುಖದ ತುಂಬ ಹಬ್ಬ. "ಅಬ್ಬ, ಕೊನೆಗೂ ಆಯ್ತಲ್ಲ. ಎಲ್ಲಿ, ಆ ಫೋನ್ ಕೊಡು ಮಗಾ. ಕೆಲಸ ಹೋದ್ರೆ ತಕ್ಷಣ ಕರೆ ಮಾಡಿ ಅಂತ ನಿಮ್ ಗೋಡೆ ಮೇಲೇ ಬರ್ದಿದೆ."

ಎಲ್ಲರಿಗೂ ಕೇಳುವಂತೆ ಸ್ಪೀಕರ್ ಗುಂಡಿ ಒತ್ತಿದವಳು ಮೋನಾ.

"ನಮಸ್ಕಾರ, ವಿಮಾ ವಿಭಾಗ," ಎಂದಿತು ಎಳೆಯ ಹೆಣ್ಣುದನಿ. "ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ."

"ಮಾಡವ್ವ. ಚೆನ್ನಾಗಿ ಮಾಡು. ನನ್ ಕೆಲಸ ಹೋಯ್ತು."

"ಅಯ್ಯೋ, ಬೇಜಾರಾಯ್ತು ಮೇಡಂ. ಯಾವಾಗ ಹೋಯ್ತು?"

"ಈಗ್ಲೇ. ಇನ್ನೂ ನೆಲ ಒಣಗಿಲ್ಲ."

"ತಮ್ಮ ವಯಸ್ಸು?"

"ಎಪ್ಪತ್ತನಾಲ್ಕು."

ಅತ್ತ ಕೀಲಿಮಣೆಯ ಸದ್ದು ನಿಂತಿತು. "ಕ್ಷಮಿಸಿ ಮೇಡಂ. ಅರವತ್ತೈದು ದಾಟಿದವ್ರಿಗೆ ಈ ವಿಮೆ ಬರಲ್ಲ."

"ಯಾವತ್ತಿಂದ?"

"ಮೊದಲಿಂದಾನೂ ಹಾಗೇ."

"ನಂಗೆ ಮಾರ್ದಾಗ ನಂಗೆ ಎಪ್ಪತ್ತಾಗಿತ್ತಲ್ಲವ್ವ."

ಅತ್ತ ಕೀಲಿಮಣೆ ಮತ್ತೆ ಟಕಟಕ ಎಂದಿತು.

"ಇದೀಯಾ?"

"ಇದೀನಿ ಮೇಡಂ."

"ನೀನೇ ನೋಡಿ ಹೇಳು. ಕೆಲಸ ಹೋದ್ರೆ ನಂಗೇನಾದ್ರೂ ಬರ್ತಿತ್ತಾ?"

"ಇಲ್ಲ."

"ಸೊಂಟ ಮುರಿದ್ರೆ?"

"ಇಲ್ಲ."

"ಸತ್ರೆ?"

ಕಾಗದ ಮಗುಚುವ ಸದ್ದು. "ಅದಕ್ಕೂ ಇಲ್ಲ ಮೇಡಂ."

"ಮತ್ತೆ ಹುಟ್ಟಿ ಬಂದ್ರೆ?" ಎಂದು ಮೋನಾ ಬಾಯಿ ಹಾಕಿದಳು. ಅಂಗಡಿಯೆಲ್ಲ ಗೊಳ್ ಎಂದಿತು.

ಹುಡುಗಿಯ ದನಿ ತಗ್ಗಿತು. "ಮೇಡಂ, ಇಂಥ ಕಂಪನಿಗಳ ಮೇಲೆ ದೂರು ಕೇಳೋ ಕಚೇರಿ ಲಂಡನ್ನಲ್ಲಿದೆ, ಅಲ್ಲಿಗೆ ಬರೀರಿ. ಇವತ್ತಿನ ಈ ಕರೆ ತರಿಸ್ಕೊಂಡು ಕೇಳಿ ಅಂತ ಬರೀರಿ." ಕರೆ ಕಡಿದುಹೋಯಿತು. ಗ್ಯಾವಿನ್ ಚೆಲ್ಲಿದ ಕಾಗದಗಳ ನಡುವೆ ನೆಲದ ಮೇಲೇ ಕೂತಿದ್ದ. ಥೆಲ್ಮಾ ಅವನಿಗೂ ಒಂದು ಲೋಟ ಚಹಾ ಬಗ್ಗಿಸಿದಳು.

ದೂರು ಹೋಯಿತು. ಅದು ಹೋದ ಸುದ್ದಿ ಮುಟ್ಟುತ್ತಲೇ ಮುಖ್ಯ ಕಚೇರಿಯಿಂದ ಮಿಸ್ ಫೆನ್‌ವಿಕ್ ಎಂಬವಳು ಥೆಲ್ಮಾಳ ಅಡುಗೆಮನೆಗೇ ಬಂದಳು. ಬೂದು ಕೋಟು, ಮೆತ್ತನೆಯ ಮಾತು. ಕುರ್ಚಿಯ ತುದಿಯಲ್ಲಿ ಕೂತಳು. ಕಂಪನಿಯದು ತಪ್ಪೇನಿಲ್ಲ ಎಂದಳು. ಆದರೂ ಥೆಲ್ಮಾಳ ವಯಸ್ಸು ನೋಡಿ, ಸೌಹಾರ್ದದ ಕೊಡುಗೆಯೆಂದು ಅರ್ಧ ಹಣ ಕೊಡಲು ಒಪ್ಪಿದ್ದೇವೆ ಎಂದಳು. ಇಲ್ಲಿ ಸಹಿ ಮಾಡಬೇಕು, ದೂರು ವಾಪಸ್ ಪಡೆಯಬೇಕು, ಈ ವಿಷಯ ಯಾರ ಹತ್ತಿರವೂ ಆಡಬಾರದು.

ಅಡುಗೆಮನೆ ಕೊರೆಯುತ್ತಿತ್ತು. ನಾಣ್ಯ ಹಾಕಿದರೆ ಉರಿಯುವ ಗ್ಯಾಸಿನ ಮೀಟರು ಹಿಂದಿನ ದಿನವೇ ಖಾಲಿಯಾಗಿತ್ತು. ಮಿಸ್ ಫೆನ್‌ವಿಕ್ ಕೋಟು ಬಿಚ್ಚಿರಲಿಲ್ಲ.

"ತಗೊಳ್ಳೇ," ಎಂದು ಮೋನಾ ಪಿಸುಗುಟ್ಟಿದಳು. "ಅರ್ಧ ಆದ್ರೆ ಅರ್ಧ. ಈ ಚಳಿಗಾಲ ಕಳೀಬೇಕಲ್ಲ."

ಥೆಲ್ಮಾ ಪೆನ್ನು ಹಿಡಿದಳು. ಹಿಡಿದದ್ದು ನಿಜ. ಆಮೇಲೆ ಮೋನಾಳ ಕಡೆ ತಿರುಗಿದಳು.

"ಲೇ ಮೋನಾ. ನೀನು ಫ್ರಿಜ್ಜಿಗೆ ಅಂತ ಅವ್ರತ್ರಾನೇ ಅಲ್ವೇನೇ ಸಾಲ ತಗೊಂಡಿದ್ದು? ನಿಂಗೂ ಹಾಕಿದ್ರಾ ಈ ವಿಮೆ?"

ಮೋನಾ ಟೀಪಾಟಿನ ಮುಚ್ಚಳ ಎತ್ತಿ ಒಳಗೆ ನೋಡಿದಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಕೇಳಿದ್ದು ನಿನ್ನನ್ನೇ."

"ಹಾಕಿದ್ರು," ಎಂದಳು ಮೋನಾ. "ನಾಚಿಕೆ ಆಯ್ತು ಕಣೇ. ದಡ್ಡಿ ಅಂತೀಯ ಅಂತ ಹೇಳ್ಲಿಲ್ಲ. ನಾನೊಬ್ಳೇ ಅಲ್ಲ. ನಮ್ ಸಾಲಲ್ಲಿ ನಿಂತು ಮೀನು ಸೀಳ್ತಿದ್ದೋರು ಬಹಳ ಜನಕ್ಕೆ ಹಾಕಿದಾರೆ. ಯಾರೂ ಬಾಯಿ ಬಿಡ್ತಿಲ್ಲ."

ಥೆಲ್ಮಾ ಪೆನ್ನನ್ನು ಮೇಜಿನ ಮೇಲಿಟ್ಟಳು. ಎರಡೂ ಅಂಗೈಗಳನ್ನು ಮಿಸ್ ಫೆನ್‌ವಿಕ್‌ಳ ಮುಖದ ಮುಂದೆ ಹಿಡಿದಳು. ಗಂಟುಗಟ್ಟಿದ, ಸೀಳು ಸೀಳು ಕೈಗಳು.

"ನೋಡವ್ವ. ಮೊಳೆ ಹೊಡೆದ ಸೊಂಟ ಇಟ್ಕೊಂಡು ನಿಮ್ ಕಂತು ಕಟ್ಟಿದ್ದು ಇವು. ಈಗ ಮುಷ್ಟಿ ಕಟ್ಟಕ್ಕೂ ಬರಲ್ಲ. ಹಾಗಂತ ಭಿಕ್ಷೆಗೆ ಚಾಚಲ್ಲ. ನಂದು ನಂಗೆ ಕೊಡಿ. ಪೂರ್ತಿ ಕೊಡಿ. ನಾನು ಸುಳ್ಳು ಹೇಳ್ದೆ ಅಂತ ಬರೆದ್ರಲ್ಲ, ಆ ಮಾತನ್ನ ನೀವೇ ನುಂಗಿ. ಅಲ್ಲೀತನಕ ನನ್ ಬಾಯಿ ಮುಚ್ಚಲ್ಲ. ಏಳು ಮೇಲೆ."

ಮಿಸ್ ಫೆನ್‌ವಿಕ್ ಎದ್ದು ಹೋದಳು. ಮೋನಾ ಕಣ್ಣೊರೆಸಿಕೊಂಡಳು. "ಚಳಿಗೆ ಏನ್ಮಾಡ್ತೀಯೇ ಈಗ?"

"ನಿನ್ ಮನೇಲಿ ಇರ್ತೀನಿ. ನಿನ್ ಮೀಟರಲ್ಲಿ ನಾಣ್ಯ ಇದೆಯಲ್ಲ."

ಆ ಚಳಿಗಾಲ ಇಬ್ಬರೂ ಒಂದೇ ಒಲೆಯ ಮುಂದೆ ಕೂತರು. ಕೂತು ಸುಮ್ಮನಿರಲಿಲ್ಲ. ಬಿಂಗೊ ಜೂಜಾಟದ ಮನೆಯಲ್ಲಿ, ಚರ್ಚಿನ ಹೊರಗೆ, ಡಾಕ್ಟರರ ಸರತಿಯಲ್ಲಿ ಥೆಲ್ಮಾ ತನ್ನ ಕಥೆ ಹೇಳಿದಳು. ಮೊದಲು ಜನ ನಗುತ್ತಿದ್ದರು. ನಕ್ಕು ಮುಗಿದ ಮೇಲೆ ಯಾವಳಾದರೂ ಒಬ್ಬಳು ಹತ್ತಿರ ಸರಿದು "ನಂಗೂ ಹಾಕಿದಾರೆ ಕಣೇ ಥೆಲ್ಮಾ" ಎನ್ನುವಳು. ಗಂಡ ಸತ್ತ ವಾರವೇ ವಿಮೆ ಹಾಕಿಸಿಕೊಂಡವಳಿದ್ದಳು. ಹುಟ್ಟಿದಾಗಿನಿಂದ ಒಂದು ಕಾಲಿಲ್ಲದವಳಿದ್ದಳು. ಅವಳಿಗೆ ಕಾಲು ಮುರಿದರೆ ಹಣ ಬರುತ್ತದೆ ಎಂದಿದ್ದರಂತೆ. "ಯಾವ ಕಾಲು ಅಂತ ಕೇಳ್ಬೇಕಿತ್ತು ನಾನು" ಎಂದು ಅವಳು ನಕ್ಕಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

ಒಂದು ಸೋಮವಾರ ಸಾಲದಂಗಡಿಯ ಮುಂದೆ ಏಪ್ರನ್ನು ತೊಟ್ಟ ಹೆಂಗಸರ ಸಾಲು ನಿಂತಿತು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಕೆಟ್ಟು. ಎಲ್ಲರೂ ಕೆಲಸಕ್ಕೆ ಬಂದವರೇ. ಗ್ಯಾವಿನ್ ಗಾಜಿನ ಹಿಂದಿನಿಂದ ನೋಡಿ ಅರ್ಧ ಎತ್ತಿದ್ದ ಷಟರನ್ನು ಇಳಿಸಿದ. ಊರ ಪತ್ರಿಕೆಯವನು ಬಂದು ಫೋಟೊ ತೆಗೆದ. ಫೋಟೊ ಮ್ಯಾಂಚೆಸ್ಟರಿನ ಪತ್ರಿಕೆಗೂ ಹೋಯಿತು.

ವಸಂತ ಕಾಲಿಡುವ ಹೊತ್ತಿಗೆ ಲಂಡನ್ನಿನ ದೂರು ಕಚೇರಿ ತೀರ್ಮಾನ ಹೇಳಿತು. ಯಾವ ಕಾಲಕ್ಕೂ ಉಪಯೋಗಕ್ಕೆ ಬಾರದ ವಿಮೆಯನ್ನು ಈಕೆಗೆ ಮಾರಿದ್ದಾರೆ, ಪೂರ್ತಿ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಕಂಪನಿ ಚೆಕ್ಕು ಕಳಿಸಲು ಹೊರಟಿತು. ಅಂಚೆಯಲ್ಲಿ ಬೇಡ, ಅಂಗಡಿಯ ಮುಂದೆ ಬಂದು ಕೊಡಿ, ಕೊಡುವಾಗ ನೀವು ಎಲ್ಲರೆದುರು ಒಂದು ಮಾತು ಹೇಳಬೇಕು ಎಂದು ಥೆಲ್ಮಾ ಪತ್ರಿಕೆಯವನ ಮೂಲಕವೇ ಹೇಳಿಕಳಿಸಿದಳು. ಪತ್ರಿಕೆಯಲ್ಲಿ ಇನ್ನೊಂದು ಫೋಟೊ ಬರುವುದು ಹೇಗೂ ತಪ್ಪದು, ಬರುವುದಾದರೆ ಅದರಲ್ಲಿ ತಾವು ನಗುತ್ತಿರೋಣ ಎಂದು ಕಂಪನಿಯವರೂ ಯೋಚಿಸಿರಬೇಕು. ಮಿಸ್ ಫೆನ್‌ವಿಕ್ ಬಂದಳು.

ಕಡಲಿನಿಂದ ಗಾಳಿ ಭೋರೆಂದು ಬೀಸುತ್ತಿತ್ತು. ಅಂಗಡಿಯ ಬಾಗಿಲಿನಿಂದ ಟ್ರಾಮ್ ನಿಲ್ದಾಣದವರೆಗೂ ಹೆಂಗಸರು ನಿಂತಿದ್ದರು. ಮುಂದೆ ಗಾಡಿಯ ಮೇಲೆ ಥೆಲ್ಮಾ, ಅವಳ ಪಕ್ಕ ಮೋನಾ. ಮಿಸ್ ಫೆನ್‌ವಿಕ್ ಚೆಕ್ಕು ಕೊಟ್ಟಳು, ಕ್ಯಾಮೆರಾ ನೋಡಿ ನಕ್ಕಳು, ಹೊರಡಲು ತಿರುಗಿದಳು.

"ಮಾತು?" ಎಂದಳು ಥೆಲ್ಮಾ.

ಮಿಸ್ ಫೆನ್‌ವಿಕ್ ನೆಲ ನೋಡಿದಳು. "ತಪ್ಪಾಗಿದೆ," ಎಂದಳು.

"ಯಾರಿಂದ?" ಎಂದಳು ಮೋನಾ.

"ಕಂಪನಿಯಿಂದ."

"ಇವ್ಳು ಸುಳ್ಳು ಹೇಳಿದ್ಲಾ?"

"ಇಲ್ಲ. ಮಿಸೆಸ್ ರಿಮ್ಮರ್ ಸುಳ್ಳು ಹೇಳಲಿಲ್ಲ."

"ಮತ್ಯಾರು ಹೇಳಿದ್ದು?"

ಮಿಸ್ ಫೆನ್‌ವಿಕ್‌ಳ ಕುತ್ತಿಗೆ ಕೆಂಪಾಯಿತು. ಫೋಟೊದವನು ಕ್ಯಾಮೆರಾ ಕೆಳಗಿಳಿಸಿ ಕಾಯುತ್ತಿದ್ದ. "ನಾವು," ಎಂದಳು. "ನಾವು ಹೇಳಿದ್ದು."

ಥೆಲ್ಮಾ ಚೆಕ್ಕನ್ನು ನೋಡದೆಯೇ ಮೋನಾಳ ಕೈಗೆ ಕೊಟ್ಟಳು. ಮೋನಾ ಅದನ್ನು ಕೋಟಿನ ಜೇಬಿಗಿಟ್ಟಳು. ಗೆಳತಿಯ ಹೆಗಲ ಮೇಲೆ ಕೈಯಿಟ್ಟು ಬೀದಿಯ ಕಡೆ ತಿರುಗಿದಳು.

"ಹಿಂದೆ ನಿಂತಿರೋರಿಗೆ ಕೇಳಿಸ್ತೇನ್ರೇ?"

"ಇಲ್ಲ!" ಎಂದು ಟ್ರಾಮ್ ನಿಲ್ದಾಣದ ಕಡೆಯಿಂದ ಕೂಗು ಬಂತು.

"ಇಲ್ಲ! ಇಲ್ಲ!" ಎಂದಿತು ಇಡೀ ಸಾಲು, ಮುಂದೆ ನಿಂತವರೂ ಸೇರಿ.

ಅಂಗಡಿಯ ಬಾಗಿಲು ತೆರೆಯಿತು. ಗ್ಯಾವಿನ್ ಗಿರಾಕಿಗಳು ಕೂರುವ ಕುರ್ಚಿಯೊಂದನ್ನು ಎತ್ತಿಕೊಂಡು ಬಂದ. ಅದನ್ನು ಫುಟ್‌ಪಾತಿನ ನಡುವೆ ಇಟ್ಟ. ಅಲುಗಾಡದಂತೆ ಅದರ ಬೆನ್ನನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ.

"ಇದರ ಮೇಲೆ ನಿಂತು ಹೇಳಿ ಮೇಡಂ," ಎಂದ. "ಗಾಳಿ ಜೋರಾಗಿದೆ."

ಮಿಸ್ ಫೆನ್‌ವಿಕ್ ಅವನನ್ನು ನೋಡಿದಳು. ಬೀದಿಯನ್ನು ನೋಡಿದಳು. ಆಮೇಲೆ ಕುರ್ಚಿ ಹತ್ತಿದಳು.